ಗಲಗಲಿ ರಾಯರ ಸೈಲೆನ್ಸರು

ಬಿಂದುಮಾಧವರಾವ್ ಗಲಗಲಿಯವರು ತಮ್ಮ ಐವತ್ತೊಂದು ವರ್ಷದ ಬಾಳಿನಲ್ಲಿ ನಾಲ್ಕು ಜನರಿಗೆ ಕೇಳಿಸುವಂಥ ಕೆಲಸ ಒಂದನ್ನೂ ಮಾಡಿದವರಲ್ಲ. ಧಾರವಾಡದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತಿಕೆ. ಅವರು ಬಾಯಿ ತೆರೆದರೆ ಎದುರಿಗಿದ್ದವರು ಒಮ್ಮೆಯಾದರೂ "ಏನಂದ್ರಿ?" ಎನ್ನಲೇಬೇಕು. ಅಂಥವರು ಮಾಳಮಡ್ಡಿಯ ಓಣಿಯಲ್ಲಿ ಇದ್ದಾರೆಂಬುದಕ್ಕೆ ಸಾಕ್ಷಿಯಾಗಿದ್ದದ್ದು ಅವರ ಹತ್ತೊಂಬತ್ತು ವರ್ಷದ ಮೋಟಾರ್ ಸೈಕಲ್ಲು. ಬೆಳಿಗ್ಗೆ ಒಂಬತ್ತೂವರೆಗೆ ಅದು ಕೆಮ್ಮುತ್ತ ಹೋಗುತ್ತಿತ್ತು, ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ ಕೆಮ್ಮುತ್ತ ಬರುತ್ತಿತ್ತು.

ಮೇ ತಿಂಗಳಲ್ಲಿ ನವನಗರದಲ್ಲಿ ಹೆಂಡತಿಯ ತಮ್ಮ ಅತುಲನ ಮಗನ ಮುಂಜಿವೆಯಾಯಿತು. ಅತುಲ ಹೊಸದಾಗಿ ಬುಲೆಟ್ ಕೊಂಡಿದ್ದ. ಪಂಕ್ತಿಯಲ್ಲಿ ಚಿರೋಟಿ ಬಡಿಸುತ್ತ ಅವನು ಎಲ್ಲರಿಗೂ ಕೇಳುವ ಹಾಗೆ, "ಭಾವಾ, ನಿಮ್ಮ ಗಾಡಿ ಬಂತಂದ್ರ ಗೋದಿ ಡಬ್ಬಿ ತೊಗೊಂಡು ಹೊರಗ ಬರಬೇಕು ಅನಸ್ತದ ನೋಡ್ರಿ. ಹಿಟ್ಟಿನ ಗಿರಣೀನ ಬಾಗಲಿಗೆ ಬಂದಂಗ" ಎಂದ. ಪಂಕ್ತಿಯೆಲ್ಲ ನಕ್ಕಿತು. ರಾಯರೂ ನಕ್ಕರು. ಆದರೆ ಆ ಚಿರೋಟಿಯನ್ನು ಅವರು ಎಲೆಯಲ್ಲೇ ಬಿಟ್ಟೆದ್ದರು ಎಂಬುದನ್ನು ಹೆಂಡತಿ ಸುಮೇಧಾ ಗಮನಿಸಿದಳು.

ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಟೋಲ್ ನಾಕಾದ ಹತ್ತಿರ ಆ ಗಾಡಿಯ ಸೈಲೆನ್ಸರು ಒಂದು ಕಡೆಯಿಂದ ಕಳಚಿ ನೆಲಕ್ಕೆ ಉಜ್ಜತೊಡಗಿತು. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದ. ರಾಯರು ಎಂದಿನ ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಾಗೆ ಎಲ್ಲರಿಗೂ ದಾರಿ ಬಿಡುತ್ತ, ಹಿಂದೆ ಕಿಡಿ ಹಾರಿಸುತ್ತ ಅರ್ಧ ಕಿಲೋಮೀಟರು ಹೋದ ಮೇಲೆ ತರಕಾರಿ ಮಾರುವವಳೊಬ್ಬಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

ಷೋರೂಮಿನಲ್ಲಿ ವಿಚಾರಿಸಿದರೆ, ಆ ಮಾಡೆಲ್ಲು ನಿಂತು ಹನ್ನೆರಡು ವರ್ಷವಾಯಿತು, ಸೈಲೆನ್ಸರು ಬರುವುದಿಲ್ಲ, ಹೊಸ ಗಾಡಿ ನೋಡ್ರಿ ಎಂದರು. ಹೊಸ ಗಾಡಿ ನೋಡಲು ಖರ್ಚಿಲ್ಲವಾದ್ದರಿಂದ ರಾಯರು ಐದು ನಿಮಿಷ ನೋಡಿದರು. ಮುಂದಿನ ಭಾನುವಾರ ಮಧ್ಯಾಹ್ನ ಅಜೀಮನ ಗ್ಯಾರೇಜಿಗೆ ಹೋದರು.

ಅಜೀಮ ಹಳೆಯ ಸೈಲೆನ್ಸರನ್ನು ಬೆರಳಿನಿಂದ ತಟ್ಟಿದ. ಬೆರಳು ಒಳಗೇ ಹೋಯಿತು. "ಮೂರು ಸಲ ವೆಲ್ಡಿಂಗ್ ಆಗೇತ್ರಿ ಸಾಹೇಬ್ರ. ಈಗ ವೆಲ್ಡಿಂಗ್ ಹಚ್ಚಾಕ ತಗಡ ಉಳದಿಲ್ಲ" ಎಂದ.

ಗೋಡೆಗೆ ಒರಗಿಸಿಟ್ಟ ಒಂದು ಉದ್ದನೆಯ, ಫಳಫಳ ಹೊಳೆಯುವ ಸೈಲೆನ್ಸರಿನ ಮೇಲೆ ರಾಯರ ಕಣ್ಣು ಬಿತ್ತು. ಬುಲೆಟ್ಟಿನದು. ಯಾರೋ ಇದಕ್ಕಿಂತ ಜೋರು ಶಬ್ದದ್ದು ಬೇಕೆಂದು ಬಿಚ್ಚಿಸಿ ಬಿಟ್ಟು ಹೋಗಿದ್ದರು. ಸಿಕ್ಕ ಬೆಲೆಗೆ ಕೊಡಲು ಅಜೀಮನೂ ತಯಾರಿದ್ದ.

"ಇದು ನಮ್ಮ ಗಾಡಿಗೆ ಕೂಡ್ತದೇನು?" ಎಂದರು ರಾಯರು.

"ಏನಂದ್ರಿ?"

"ಕೂಡ್ತದೇನು ಅಂದೆ."

"ಕೂಡೂದಿಲ್ರಿ. ಕೂಡಸ್ಬೇಕು." ಅಜೀಮ ಬೀಡಿ ಆರಿಸಿದ. "ಆದ್ರ ಒಂದ್ ಮಾತ್ರಿ. ಇದು ಕುದರಿ ಬಾಯಿ, ನಿಮ್ಮ ಗಾಡೀದು ಆಡಿನ ಹೊಟ್ಟಿ. ಆವಾಜ್ ಹೆಂಗ ಬರ್ತೈತಿ ಅಂತ ನಾ ಹೇಳಾಕ ಬರೂದಿಲ್ರಿ."

ಆಡಿನ ಹೊಟ್ಟೆಗೆ ಕುದುರೆಯ ಬಾಯಿ ಕೂಡಿಸುವ ಕೆಲಸ ಮೂರು ತಾಸು ನಡೆಯಿತು. ಇಂಜಿನ್ನಿನಿಂದ ಬರುವ ಕೊಳವೆ ಸಣ್ಣದು, ಸೈಲೆನ್ಸರಿನ ಬಾಯಿ ದೊಡ್ಡದು. ನಡುವೆ ಒಂದು ತುಂಡು ಪೈಪು ಬೆಸೆಯಬೇಕಾಯಿತು. ತೂಕ ತಡೆಯಲೆಂದು ಹಳೆಯ ಕಬ್ಬಿಣದ ಮಂಚದ ಪಟ್ಟಿಯೊಂದನ್ನು ಕತ್ತರಿಸಿ ಆಧಾರ ಕೊಟ್ಟರು. ನಡುವಿನ ಸ್ಟ್ಯಾಂಡು ಅಡ್ಡ ಬಂತೆಂದು ಅದನ್ನು ಬಿಚ್ಚಿ ಕೈಗೆ ಕೊಟ್ಟರು. ಕಿಕ್ಕು ಅರ್ಧ ದಾರಿಗೇ ಸೈಲೆನ್ಸರಿಗೆ ಬಡಿಯತೊಡಗಿತು. ಅರ್ಧ ಕಿಕ್ಕಿಗೇ ಚಾಲೂ ಆಗುವುದನ್ನು ಗಾಡಿಯೇ ಕಲಿತುಕೊಳ್ಳಬೇಕು ಎಂದ ಅಜೀಮ. ಇಷ್ಟೆಲ್ಲ ಮುಗಿದಾಗ ಸೈಲೆನ್ಸರಿನ ಬಾಲ ಹಿಂದಿನ ಗಾಲಿಯನ್ನು ದಾಟಿ ಒಂದು ಗೇಣು ಹೊರಗೆ ಚಾಚಿತ್ತು.

ರಾಯರು ಕಿಕ್ ಹೊಡೆದರು. ಧಡ್ ಧಡ್ ಎಂದಿತು. ಪಕ್ಕದ ಚಹಾದಂಗಡಿಯವರು ತಿರುಗಿ ನೋಡಿದರು. ಹುಟ್ಟಿದಂದಿನಿಂದ ಯಾರೂ ರಾಯರನ್ನು ಹಾಗೆ ತಿರುಗಿ ನೋಡಿರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಬೇಕಿಲ್ಲದಿದ್ದರೂ ಎರಡು ಸುತ್ತು ಬಳಸಿ ಮನೆಗೆ ಬಂದರು.

ಈಗ ತಾರಾಬಾಯಿಯವರ ವಿಷಯ ಹೇಳಬೇಕು. ರಾಯರ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಎಂಬತ್ತೆರಡು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಆರು ವರ್ಷದ ಹಿಂದೆ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಬ್ಯಾಂಕಿಗೆ ಹೋಗುವ ತಂಗಿಯ ಮಗಳು ಮಾಯಾ ಜೊತೆಗಿದ್ದಳು. ಮಾಯಾ ಬರುವವರೆಗೂ ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಕೂತು ಓಣಿಯನ್ನು ಕೇಳುತ್ತಿದ್ದರು. ಹಾಲಿನವನ ಕ್ಯಾನು, ಲಕ್ಷ್ಮೀಬಾಯಿಯ ಹರಿದ ಚಪ್ಪಲಿ, ಅಂಚೆಯವನ ಕೆಮ್ಮು, ಎಲ್ಲ ಅವರಿಗೆ ಗೊತ್ತು. ಯಾರ ಮನೆಯ ಮಿಕ್ಸರಿನ ಬ್ಲೇಡು ಸವೆದಿದೆಯೆಂದು ಆ ಮನೆಯವರಿಗಿಂತ ಮೊದಲು ಇವರು ಹೇಳುತ್ತಿದ್ದರು. ಸಂಜೆ ರಾಯರ ಗಾಡಿ ಓಣಿಯ ಮೂಲೆ ತಿರುಗಿದರೆ, "ಬಿಂದ್ಯಾ ಬಂದ. ಮಾಯಾ ಬರೂ ಹೊತ್ತಾತು" ಎನ್ನುತ್ತಿದ್ದರು. ಇನ್ನೂ ಒಬ್ಬ ಶಿಷ್ಯೆ ಇದ್ದಳು: ಚಿನ್ಮಯೀ ಎಂಬ ಪ್ರಾಥಮಿಕ ಶಾಲೆಯ ಟೀಚರು, ಸಂಗೀತದ ಪರೀಕ್ಷೆಗೆ ಕೂಡಬೇಕೆಂದು ದಿನಾ ಸಂಜೆ ಬರುತ್ತಿದ್ದಳು. ಅವಳ ನಿಷಾದ ಒಂದು ಕೂದಲೆಳೆ ಇಳಿದರೂ ಅಜ್ಜಿಯ ಕೈ ಮೇಲೇಳುತ್ತಿತ್ತು.

ರಾಯರು ತಾರಾಬಾಯಿಯವರ ಹತ್ತಿರ ಕೂತು ಮಾತಾಡುತ್ತಿದ್ದದ್ದು ಭಾನುವಾರ ಬೆಳಿಗ್ಗೆ ಮಾತ್ರ. ಪೇಪರು ಓದಿ ಹೇಳುತ್ತಿದ್ದರು. ಅವರ ಪಿಸುದನಿ ಯಾವ ತಕರಾರೂ ಇಲ್ಲದೆ ಕೇಳುತ್ತಿದ್ದ ಕಿವಿ ಇಡೀ ಧಾರವಾಡದಲ್ಲಿ ಅದೊಂದೇ. ಸೈಲೆನ್ಸರು ಕೂಡಿಸಿದ್ದು ಭಾನುವಾರ ಮಧ್ಯಾಹ್ನ. ಹಾಗಾಗಿ ಮುಂದಿನ ಆರು ದಿನ ಇಬ್ಬರಿಗೂ ಮಾತಿಲ್ಲ.

ಸೋಮವಾರ ಸಂಜೆ ತಾರಾಬಾಯಿಯವರಿಗೆ ಬಿಂದ್ಯಾನ ಗಾಡಿ ಕೇಳಿಸಲಿಲ್ಲ. ಬೇರೆ ಯಾವುದೋ ಗಾಡಿ ಧಡ್ ಧಡ್ ಎನ್ನುತ್ತ ಬಂದು ಪಕ್ಕದ ಮನೆಯ ಮುಂದೆಯೇ ನಿಂತಿತು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ಗಾಡಿ ಅಲ್ಲಿಂದಲೇ ಹೊರಟಿತು. ಸಂಜೆ ಮತ್ತೆ ಬಂತು. ಬುಧವಾರ ಬೆಳಿಗ್ಗೆ ಮತ್ತೆ ಹೋಯಿತು. ಬಿಂದ್ಯಾ ಮಾತ್ರ ಹೋಗಲೂ ಇಲ್ಲ, ಬರಲೂ ಇಲ್ಲ.

ತಾರಾಬಾಯಿ ಚಾಡಿ ಹೇಳುವವರಲ್ಲ. ಬುಧವಾರ ಮಧ್ಯಾಹ್ನ ಮಳೆ ನಿಂತು ಬಿದ್ದ ಬಿಸಿಲಿಗೆ ಸುಮೇಧಾ ಹಪ್ಪಳ ಒಣಗಿಸಲು ಹೊರಗೆ ಬಂದಾಗ, ಬಹಳ ಸೂಕ್ಷ್ಮವಾಗಿ ಕೇಳಿದರು. "ಸುಮೇಧಾ, ಬಿಂದ್ಯಾ ಹೆಂಗಿದ್ದಾನವಾ?"

ಸುಮೇಧಾಗೆ ಆ ಸೈಲೆನ್ಸರಿನಿಂದ ಭಾನುವಾರದಿಂದಲೂ ತಲೆನೋವು. "ಅವರ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ ಕಾಕು. ನನಗ ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ" ಎಂದಳು.

ಅಜ್ಜಿ ಕಟ್ಟೆಯ ಅಂಚಿಗೆ ಸರಿದರು. "ಮತ್ತ… ಆ ಬುಲೆಟ್ಟು?"

"ಅದಾ? ಯಾರೋ ಬ್ಯಾಡಾಗಿ ಬಿಟ್ಟದ್ದು, ನಮ್ಮನಿಗೆ ಬಂದು ಸೇರೇದ. ಓಣಿ ಮಂದಿಗೆ ಮಾರಿ ತೋರಿಸಲಿಕ್ಕೆ ನಾಚಿಕಿ ಬರ್ತದ. ಏನ್ ಮಾಡೂದು, ಹೊಂದಿಕೊಂಡು ಹೋಗಬೇಕು" ಎಂದು ಸುಮೇಧಾ ಹಪ್ಪಳದ ತಾಟನ್ನು ಕಟ್ಟೆಯ ಮೇಲೆ ಕುಕ್ಕಿದಳು.

ತಾರಾಬಾಯಿ ಆ ರಾತ್ರಿ ಊಟ ಬಿಟ್ಟರು. ಗುರುವಾರ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, ಎದುರು ಮನೆಯ ಲಕ್ಷ್ಮೀಬಾಯಿಗೆ ಹೇಳಿದರು. "ಸಪ್ಪಳ ಬುಲೆಟ್ಟಿಂದು ಇದ್ದಂಗ ಅದ ಖರೆ, ಒಳಗ ಬುಲೆಟ್ ಇಲ್ಲ. ಟೊಳ್ಳು ಅದ. ಯಾರೋ ಸೋಗು ಹಾಕಿಕೊಂಡು ಅಡ್ಡಾಡಲಿಕ್ಕತ್ತಾನ. ಬಿಂದ್ಯಾಂದು ಏನಾತೋ, ಅದ ಚಿಂತಿ ನನಗ."

ಆ ಗಾಡಿಯವನನ್ನು ಲಕ್ಷ್ಮೀಬಾಯಿ ಕಂಡದ್ದೂ ಹೆಲ್ಮೆಟ್ಟು, ರೇನ್‌ಕೋಟಿನಲ್ಲೇ. ಅವಳು ಆಣೆಗೆ ಹೆದರುವವಳು. ಹಾಗಾಗಿ ಒಬ್ಬೊಬ್ಬರಿಗೂ ಮತ್ತೆ ಆಣೆ ಹಾಕಿಸಿಯೇ ಹೇಳಿದಳು. ಆದರೆ ಒಳಗೆ ಬುಲೆಟ್ ಇಲ್ಲ ಎಂಬ ಅರ್ಧವನ್ನು ಬಿಟ್ಟಳು. ಅದು ಯಾರಿಗೂ ಬೇಕಿರಲಿಲ್ಲ.

ಶುಕ್ರವಾರ ಪ್ರಿನ್ಸಿಪಾಲರು ರಾಯರನ್ನು ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿಸಿದರು. ಅವರ ಹೆಂಡತಿಯ ತವರು ಮಾಳಮಡ್ಡಿ.

"ಗಲಗಲಿಯವರ, ಮನಿ ಕಡೆ ಎಲ್ಲಾ ಸುರಳೀತ ಅದ ಏನ್ರಿ? ಏನೋ ಬದಲಾವಣಿ ಆಗೇದ ಅಂತ ಕಿವಿಗೆ ಬಿತ್ತು."

ಗಾಡಿಯ ಸಪ್ಪಳ ಪ್ರಿನ್ಸಿಪಾಲರ ಕೋಣೆಯವರೆಗೂ ಬಂದಿದೆ ಎಂದುಕೊಂಡ ರಾಯರು ನಾಚಿದರು. "ಹೌದ್ರಿ ಸರ್. ಹಳೇದು ಹತ್ತೊಂಬತ್ತು ವರ್ಷದ್ದು. ಎಷ್ಟಂತ ಎಳೀಲಿಕ್ಕಾಗ್ತದ. ಯಾರೋ ಬಿಟ್ಟದ್ದು ಒಂದು ಸಿಕ್ತು. ಛಲೋ ಅದ. ಬಾಯಿ ಅಷ್ಟ ಸ್ವಲ್ಪ ದೊಡ್ಡದು."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಮನಿಯವರು ಏನಂದ್ರು?"

"ಮೊದಲ ಸಿಟ್ಟಾಗಿದ್ಲು. ಈಗ ರೂಢಿ ಆಗಲಿಕ್ಕತ್ತದ."

ಪ್ರಿನ್ಸಿಪಾಲರು ಎರಡು ದಿನ ರಜೆ ತೆಗೆದುಕೊಳ್ಳಿರಿ ಎಂದು ಕೈಮುಗಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕೇಳದೆ ಸಿಕ್ಕ ಮೊದಲ ರಜೆ. ಬುಲೆಟ್ ಸಪ್ಪಳಕ್ಕೆ ಇಷ್ಟು ಮರ್ಯಾದೆ ಇದೆಯೆಂದು ರಾಯರಿಗೆ ತಿಳಿದೇ ಇರಲಿಲ್ಲ.

ಶನಿವಾರ ರಾಯರು ಆ ರಜೆಯಲ್ಲಿ ಗಾಡಿ ತೆಗೆದುಕೊಂಡು ಸುಮ್ಮನೆ ಸತ್ತೂರಿನವರೆಗೆ ಹೋದರು. ಇತ್ತ ಸುದ್ದಿ ಕಿವಿಗೆ ಬಿದ್ದು ಸಂಜೆ ಐದಕ್ಕೆ ಅತುಲ ನವನಗರದಿಂದ ತನ್ನ ಬುಲೆಟ್ ಮೇಲೆ ಬಂದಿಳಿದ. ಕಟ್ಟೆಯ ಮೇಲಿದ್ದ ತಾರಾಬಾಯಿ, "ಇದು ಬ್ಯಾರೆ. ಇನ್ನೊಬ್ಬ ಬಂದ" ಎಂದು ಹಣೆ ಬಡಿದುಕೊಂಡರು. ಹತ್ತು ನಿಮಿಷದಲ್ಲಿ ಹೆಡ್ ಕಾನ್ಸ್‌ಟೇಬಲ್ ಶಾಂತಯ್ಯ ಬಂದರು. ಅವರ ಹೆಂಡತಿ ದಾನವ್ವ ತಾರಾಬಾಯಿಯವರ ಹತ್ತಿರ ವಚನ ಹಾಡಲು ಕಲಿತವಳು. ಆ ಗೌರವಕ್ಕೆ, ಅಜ್ಜಿ ಹೇಳಿ ಕಳಿಸಿದ ಮೇಲೆ, ಸುಮ್ಮನೆ ನೋಡಿಹೋಗಲು ಬಂದಿದ್ದರು. ಅವರದೂ ಬುಲೆಟ್ಟೇ. "ರಾಮಾ, ಮೂರನೇದು" ಎಂದು ಅಜ್ಜಿ ಗೋಡೆಗೆ ಒರಗಿದರು.

ಒಳಗೆ ಅತುಲ ಅಕ್ಕನ ಮುಂದೆ ಕೂತಿದ್ದ. "ಅಕ್ಕಾ, ಸಣ್ಣಾವ ಇದ್ದೇನಿ, ಆದ್ರೂ ಕೇಳ್ತೇನಿ. ಭಾವ ಎಲ್ಲಿ?"

"ಎಲ್ಲೋ ಮೆರೀಲಿಕ್ಕೆ ಹೋಗ್ಯಾರ. ಭಾನುವಾರದಿಂದ ಇದ ಹಣೇಬರಹ."

"ಭಾನುವಾರದಿಂದ ಬಂದಿಲ್ಲೇನು?"

"ಬರ್ತಾರಲ್ಲ, ದಿನಾ ಬರ್ತಾರ. ಊರಿಗೆಲ್ಲಾ ಕೇಳೂಹಂಗ ಬರ್ತಾರ."

ಬಾಗಿಲಲ್ಲಿ ನಿಂತ ಶಾಂತಯ್ಯ ಗಂಟಲು ಸರಿಮಾಡಿಕೊಂಡರು. "ಅಕ್ಕಾರ, ಹೆದರಬ್ಯಾಡ್ರಿ. ಯಾವನರ ಮನಿಗೆ ಬಂದು ತ್ರಾಸ ಕೊಡಾಕತ್ತಿದ್ರ ಬಾಯಿಬಿಟ್ಟು ಹೇಳ್ರಿ. ಅವನ ಗಾಡಿ ನಂಬರ್ ಐತೇನ್ರಿ?"

"ಯಾರ ಗಾಡಿ?" ಎಂದಳು ಸುಮೇಧಾ. ಆಗ ಅವಳಿಗೆ ಕಿಟಕಿಯಿಂದ ಓಣಿ ಕಾಣಿಸಿತು. ಲಕ್ಷ್ಮೀಬಾಯಿ, ಅವಳ ಹಿಂದೆ ಎಂಟು ಹತ್ತು ಜನ, ಬ್ಯಾಂಕಿನಿಂದ ಆಗಷ್ಟೇ ಬಂದ ಮಾಯಾ, ಸಂಗೀತದ ವಹಿ ಹಿಡಿದ ಚಿನ್ಮಯೀ, ಎಲ್ಲರೂ ಅವಳ ಮನೆಯ ಕಡೆಗೇ ನೋಡುತ್ತಿದ್ದರು.

ಆರಕ್ಕೆ ಇಪ್ಪತ್ತು ನಿಮಿಷ. ಧಡ್ ಧಡ್ ಎನ್ನುತ್ತ ಗಾಡಿ ಮೂಲೆ ತಿರುಗಿತು.

ತಾರಾಬಾಯಿ ಎದ್ದರು. ಕೋಲು ಹಿಡಿದು, ಯಾರ ಕೈಯನ್ನೂ ಬೇಡದೆ, ಕಟ್ಟೆಯ ಮೂರು ಮೆಟ್ಟಿಲು ಇಳಿದು, ಸಪ್ಪಳ ಬರುವ ದಿಕ್ಕಿಗೆ ನೇರ ನಡೆದು ಓಣಿಯ ನಡುವೆ ನಿಂತರು. ರಾಯರು ಒಮ್ಮೆಲೆ ಬ್ರೇಕು ಒತ್ತಿದರು. ಗಾಡಿ ಅವರಿಂದ ಮೊಳದ ದೂರದಲ್ಲಿ ನಿಂತಿತು.

"ಯಾರಪ್ಪಾ ನೀನು?" ಎಂದರು ಅಜ್ಜಿ. "ಈ ಮನಿ ಗಂಡಸು ಆರು ದಿನ ಆತು ಬಂದಿಲ್ಲ. ನೀ ಯಾವ ಧೈರ್ಯದ ಮ್ಯಾಲ ಬರ್ತೀ?"

"ಕಾಕು, ನಾನ್ರಿ. ಬಿಂದು."

"ಬಿಂದ್ಯಾನ ಗಾಡಿ ನನಗ ಗೊತ್ತದ. ಹತ್ತೊಂಬತ್ತು ವರ್ಷ ಕೇಳೇನಿ. ಅವನ ಹಂಗ ಸಣ್ಣ ದನಿ ಮಾಡಿ ನನಗ ಮೋಸ ಮಾಡಬ್ಯಾಡ."

"ಗಾಡೀನೂ ಅದ ರೀ ಕಾಕು. ಸೈಲೆನ್ಸರ್ ಅಷ್ಟ ಬದಲಿ ಮಾಡ್ಸೇನಿ. ಬುಲೆಟ್ಟಿಂದು ಹಾಕ್ಸೇನಿ."

ಮೊದಲು ನಕ್ಕವನು ಅತುಲ. ಅವನ ಹಿಂದೆ ಶಾಂತಯ್ಯ, ಆಮೇಲೆ ಲಕ್ಷ್ಮೀಬಾಯಿ, ಆಮೇಲೆ ಎಲ್ಲರೂ. ಮೂರು ದಿನ ತನ್ನ ಮನೆಯ ಬಗ್ಗೆ ಊರು ಏನೇನು ಆಡಿಕೊಂಡಿತ್ತೆಂದು ಅರ್ಥವಾಗುತ್ತಿದ್ದಂತೆ ಸುಮೇಧಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪ್ರಿನ್ಸಿಪಾಲರು ರಜೆ ಕೊಟ್ಟದ್ದೇಕೆಂದು ಹೊಳೆದ ರಾಯರು ಗಾಡಿಯ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡರು. ನಿಜ ಹೇಳಬೇಕೆಂದರೆ ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

"ಕಣ್ಣು ಹೋಗಿತ್ತು, ಈಗ ಕಿವೀನೂ ಹೋತು ನೋಡ್ರಿ ಮುದುಕೀದು" ಎಂದಳು ಲಕ್ಷ್ಮೀಬಾಯಿ. ನಗುವಿನ ನಡುವೆ ಅದು ಸ್ಪಷ್ಟವಾಗಿಯೇ ಕೇಳಿಸಿತು.

ತಾರಾಬಾಯಿ ಕೈ ಮುಂದೆ ಚಾಚಿ ಗಾಡಿಯ ಹ್ಯಾಂಡಲ್ಲನ್ನು ಮುಟ್ಟಿದರು, ಅದನ್ನು ಹಿಡಿದ ರಾಯರ ಕೈಯನ್ನು ಮುಟ್ಟಿದರು. "ಹೌದಪ್ಪಾ. ನೀನ" ಎಂದರು. ತಿರುಗಿದಾಗ ಅವರಿಗೆ ಮೆಟ್ಟಿಲು ಸಿಗಲಿಲ್ಲ. ಮಾಯಾ ಓಡಿ ಬಂದು ಕೈ ಹಿಡಿದಳು.

ಮರುದಿನ ಭಾನುವಾರ ರಾಯರು ಪೇಪರು ಹಿಡಿದು ಹೋದರೆ, ಅಜ್ಜಿ ಮಲಗಿದ್ದಾರೆ ಎಂದಳು ಮಾಯಾ. ಸೋಮವಾರ ಕಟ್ಟೆ ಖಾಲಿ. ಮಂಗಳವಾರವೂ ಖಾಲಿ. ಬುಧವಾರ ಚಿನ್ಮಯೀ ಬಂದ ಹದಿನೈದು ನಿಮಿಷಕ್ಕೇ ಹೊರಗೆ ಬಂದದ್ದನ್ನು ಕಂಡು ರಾಯರು ತಡೆದು ಕೇಳಿದರು.

"ಬ್ಯಾರೆ ಕಡೆ ಕಲೀರಿ ಅಂದ್ರು" ಎಂದಳು ಅವಳು. "ನಾ ಬೇಕಂತ ಒಂದು ಸ್ವರ ತಪ್ಪು ಹಚ್ಚಿ ನೋಡಿದೆ ರೀ. ಅವರ ಕೈ ಏಳಬೇಕಂತ ಅಷ್ಟು ಮ್ಯಾಲ ಬಂತು, ಮತ್ತ ಇಳೀತು. 'ನನಗ ತಪ್ಪು ಅನಿಸ್ತು, ಆದ್ರ ನನಗ ಅನಿಸಿದ್ದು ಖರೆ ಇರಬೇಕಂತ ಏನದ' ಅಂದ್ರು."

ಮರುದಿನ ರಾಯರು ಕಚೇರಿಗೆ ಹೋಗದೆ ನೇರ ಅಜೀಮನ ಹತ್ತಿರ ಹೋಗಿ, ಹಳೆಯ ಸೈಲೆನ್ಸರು ಬೇಕು, ಹೇಗಾದರೂ ಮಾಡಿ ಅದನ್ನೇ ಕೂಡಿಸಿಕೊಡು ಎಂದರು.

"ಅದು ಗುಜರಿಗೆ ಹೋತಲ್ರಿ" ಎಂದ ಅಜೀಮ. "ಈಗದು ಎಲ್ಲಿ ಕರಗಿ, ಯಾರ ಬಾಗಲ ಚಿಲಕ ಆಗೇತೋ. ಅಲ್ರೀ ಸಾಹೇಬ್ರ, ತೂತು ಬಿದ್ದದ್ದನ್ನ ಹುಡುಕ್ಕೊಂಡು ಬಂದ ಗಿರಾಕಿ ನಾ ನೋಡಿಲ್ಲ."

ರಾಯರು ಎಲ್ಲವನ್ನೂ ಹೇಳಿದರು. ಅಜೀಮ ಒಮ್ಮೆಯೂ "ಏನಂದ್ರಿ" ಎನ್ನದೆ ಕೇಳಿದ. ಆಮೇಲೆ ಕೈ ಒರೆಸಿಕೊಂಡು, ಹುಬ್ಬಳ್ಳಿಗೆ ಹೋಗೂಣ ನಡೀರಿ ಎಂದ.

ಮೂರು ಭಾನುವಾರ ಇಬ್ಬರೂ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ತಿರುವಿ ಹಾಕಿದರು. ಮೂರನೆಯ ಭಾನುವಾರ, ಲಾರಿಯ ಕೆಳಗೆ ಸಿಕ್ಕು ಚಪ್ಪಟೆಯಾದ ಅದೇ ಮಾಡೆಲ್ಲಿನ ಗಾಡಿಯೊಂದರಲ್ಲಿ ಸೈಲೆನ್ಸರು ಮಾತ್ರ ನೆಟ್ಟಗೆ ಉಳಿದಿತ್ತು. ಅಜೀಮ ಅದನ್ನು ಕೂಡಿಸಿಕೊಟ್ಟ. ಮಜೂರಿ ಬೇಡವೆಂದ. ಕಿಕ್ ಹೊಡೆದರೆ ಗಾಡಿ ಹಳೆಯ ಹಾಗೆಯೇ ಸಣ್ಣಗೆ ಸಪ್ಪಳ ಮಾಡಿತು. ಹಳೆಯ ಹಾಗೆಯೇ, ಆದರೆ ಹಳೆಯದಲ್ಲ. ಮನೆಯ ಮುಂದೆ ನಿಲ್ಲಿಸಿದಾಗ ಸುಮೇಧಾ, "ಅದು ಕೆಮ್ಮತಿತ್ತು. ಇದು ಮೂಗಿನಾಗ ಮಾತಾಡ್ತದ" ಎಂದಳು.

ರಾಯರು ಗಾಡಿಯನ್ನು ತಾರಾಬಾಯಿಯವರ ಬಾಗಿಲಿಗೆ ತಂದು, ಚಾಲೂ ಇಟ್ಟೇ ಒಳಗೆ ಹೋದರು. ಅಜ್ಜಿ ಕಾಟಿನ ಮೇಲೆ ಕೂತಿದ್ದರು.

"ಕಾಕು, ಕೇಳ್ರಿ. ಹಳೇ ಸೈಲೆನ್ಸರ್ ಸಿಕ್ತು. ಅದನ್ನ ಹಾಕ್ಸೇನಿ." ಅವರಿಗೆ ಸಮಾಧಾನವಾಗಲಿ ಎಂದು ಆಡಿದ ಸುಳ್ಳು ಅದು.

ಅಜ್ಜಿ ತಲೆ ಓರೆ ಮಾಡಿ ಕೇಳಿದರು. ಹುಬ್ಬು ಕೂಡಿತು. ಏನೋ ಹೇಳಲು ತುಟಿ ತೆರೆದವು. ಆದರೆ ಆ ಹುಬ್ಬು ನಿಧಾನಕ್ಕೆ ಸಡಿಲಾಯಿತು.

"ಅದ ಅಂತೀಯಲ್ಲಾ. ಹಂಗಾದ್ರ ಅದ ಇರಬೇಕು" ಎಂದರು.

ಹೊರಗೆ ಬಂದು ಗಾಡಿ ಬಂದ್ ಮಾಡುವಾಗ ರಾಯರಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಬೇರೆಯೆಂದು ಅವರಿಗೆ ಕೇಳಿಸಿತ್ತು. ಇದು ಬೇರೆ ಸೈಲೆನ್ಸರು ಎಂದು ನಿಜ ಹೇಳಿದ್ದರೆ, ನನಗೆ ಗೊತ್ತಾಗಿತ್ತು ಎಂದು ಅವರೇ ಹೇಳುತ್ತಿದ್ದರು. ನಾಳೆ ಕಟ್ಟೆಗೂ ಬರುತ್ತಿದ್ದರೇನೋ. ರಾತ್ರಿಯೆಲ್ಲ ಮಗ್ಗಲು ಬದಲಿಸಿ ಬೆಳಿಗ್ಗೆ ಏಳಕ್ಕೇ ಮತ್ತೆ ಹೋದರು.

"ಕಾಕು, ನಿನ್ನೆ ನಾ ಸುಳ್ಳು ಹೇಳಿದೆ. ಅದು ಹಳೇದಲ್ಲ. ಹುಬ್ಬಳ್ಳಿ ಗುಜರಿಯೊಳಗ ಸಿಕ್ಕದ್ದು. ನಿಮಗ ಬ್ಯಾರೆ ಅನಿಸಿತ್ತಲ್ಲ, ಅದ ಖರೆ."

ತಾರಾಬಾಯಿ ನಕ್ಕರು. ಮೂರು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. "ನೀ ಸಣ್ಣಾವಿದ್ದಾಗಿಂದ ಹಿಂಗ. ಯಾರ ಮನಸ್ಸಿಗೂ ನೋವು ಆಗಬಾರದು ಅಂತ ಏನರೆ ಒಂದು ಹೇಳ್ತೀ. ಇರಲಿ ಬಿಡಪ್ಪಾ. ಮುದುಕಿಗೆ ಸಮಾಧಾನ ಹೇಳಲಿಕ್ಕೆ ಬೆಳಗಿಲೆ ಎದ್ದು ಬಂದೀಯಲ್ಲ, ಅಷ್ಟ ಸಾಕು."

"ಸಮಾಧಾನಕ್ಕಲ್ಲ ರೀ. ಸುಮೇಧಾನ್ನ ಕೇಳ್ರಿ. ಅಜೀಮನ್ನ ಕರಕೊಂಡು ಬರ್ತೇನಿ."

"ಅವರೂ ಪಾಪ ಒಳ್ಳೇ ಮಂದಿ. ಹಂಗ ಹೇಳ್ತಾರ" ಎಂದರು ಅಜ್ಜಿ. "ಮಾಯಾ, ಬಿಂದೂಗ ಚಹಾ ಕೊಡವಾ."

ರಾಯರು ಚಹಾ ಕುಡಿದರು.

ಆ ದಿನದಿಂದ, ಅಜ್ಜಿ ದಿನಾ ಆ ಸಪ್ಪಳ ಕೇಳಿ ತಮ್ಮ ಕಿವಿಯನ್ನೇ ಅನುಮಾನಿಸದಿರಲೆಂದು, ಅವರು ಬೆಳಿಗ್ಗೆ ಗಾಡಿಯನ್ನು ಓಣಿಯ ಮೂಲೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆಯುತ್ತಾರೆ. ಸಂಜೆ ಅಲ್ಲೇ ಬಂದ್ ಮಾಡಿ ತಳ್ಳಿಕೊಂಡು ಬರುತ್ತಾರೆ. ಗಾಡಿ ಕೆಟ್ಟಿದೆ, ರಿಪೇರಿಗೆ ಮನಸ್ಸಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಇನ್ನಾದರೂ ಹೊಸದು ತೊಗೊಳ್ರಿ ಭಾವಾ ಎಂದು ಅತುಲ ಎಲ್ಲರ ಮುಂದೆ ಅನ್ನುತ್ತಾನೆ. ರಾಯರು ಯಾರಿಗೂ ಕೇಳಿಸದ ಹಾಗೆ ಹೂಂ ಎನ್ನುತ್ತಾರೆ.